ಅಮ್ಮ ಈಗ ಕನ್ನಡಕ ಇಲ್ಲದೆ ಓದ್ತಾರೆ, ಕಣ್ಣು ಸರಿಹೋಯ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಜಗಳೂರು ತಾಲೂಕು. ನನಗೆ 44 ವರ್ಷ, ದಾವಣಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಲ್ಲಿ ಅಮ್ಮ ಇದ್ದಾರೆ, 68 ವರ್ಷ. ಇಪ್ಪತ್ತು ವರ್ಷದಿಂದ ಓದೋಕೆ ಕನ್ನಡಕ ಹಾಕುತ್ತಿದ್ದವರು ಈಗ ಆರೇಳು ತಿಂಗಳಿಂದ ಕನ್ನಡಕ ಇಲ್ಲದೆ ಪಂಚಾಂಗ ಓದುತ್ತಾರೆ, ಅಕ್ಕಿ ಆರಿಸುತ್ತಾರೆ. ಪಕ್ಕದ ಮನೆಯವರು ತಂದುಕೊಟ್ಟ ನಾಟಿ ಡ್ರಾಪ್ಸ್‌ನಿಂದ ಹೀಗಾಯ್ತು ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಬಸ್ಸಿನ ಬೋರ್ಡು ಕಾಣಲ್ಲ ಅಂತಾರೆ. ರಾತ್ರಿ ಎದುರಿಗೆ ಗಾಡಿ ಬಂದರೆ ನಿಂತುಬಿಡುತ್ತಾರೆ. ಹೋದ ತಿಂಗಳು ಮನೆ ಮುಂದಿನ ಕಟ್ಟೆ ಇಳಿಯುವಾಗ ಮೆಟ್ಟಿಲು ಕಾಣದೆ ಬಿದ್ದರು. ಸಕ್ಕರೆ ಕಾಯಿಲೆ ಒಂಬತ್ತು ವರ್ಷದಿಂದ ಇದೆ. ಒಂದು ಕಡೆ ತೋರಿಸಿದಾಗ "ಪೊರೆ ಇದೆ, ಇನ್ನೂ ಬಲಿತಿಲ್ಲ, ಆಮೇಲೆ ಬನ್ನಿ" ಅಂದರು. ಇನ್ನೊಂದು ಕಡೆ "ತಕ್ಷಣ ಲೇಸರ್ ಆಪರೇಷನ್ ಮಾಡಿಸಿ, 55 ಸಾವಿರದ ಲೆನ್ಸ್ ಹಾಕಿದರೆ ಕನ್ನಡಕವೇ ಬೇಡ" ಅಂದರು. ಊರಿನವರು ಶಿಬಿರಕ್ಕೆ ಕರೆದುಕೊಂಡು ಹೋಗು ಅಂತಾರೆ. ಏನು ಮಾಡಲಿ? ನನಗೂ ಈಗ ಸೂಜಿಗೆ ದಾರ ಪೋಣಿಸೋಕೆ ಆಗುತ್ತಿಲ್ಲ. ಕನ್ನಡಕ ಹಾಕಿದರೆ ನಂಬರ್ ಏರುತ್ತಲೇ ಹೋಗುತ್ತೆ ಅಂತ ಸುಮ್ಮನಿದ್ದೇನೆ. ಅಂದ ಹಾಗೆ, ನಮ್ಮ ಸೋದರಮಾವನಿಗೆ ಎರಡೂ ಕಣ್ಣು ಹೋಗಿವೆ. ಕಣ್ಣಿನ ಒತ್ತಡದಿಂದ ಅಂತ ಹೇಳಿದ್ದರು.

ಉತ್ತರ: ಕೊನೆಯ ಮಾತನ್ನು "ಅಂದ ಹಾಗೆ" ಅಂತ ಶುರು ಮಾಡಿದ್ದೀರಿ. ಇಡೀ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ಅದೇ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆಯವರ ಖುಷಿಯ ವಿಷಯ ನೋಡೋಣ.

ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ತಾಯಿಯವರ ಕಣ್ಣು ಸರಿಹೋಗಿಲ್ಲ. ಈ ವಯಸ್ಸಿನಲ್ಲಿ ಕನ್ನಡಕ ಬಿಟ್ಟು ಓದೋಕೆ ಆಗುತ್ತಿದೆ ಅಂದರೆ ಅದು ಬಹುತೇಕ ಪೊರೆ ಬೆಳೆಯುತ್ತಿರುವ ಗುರುತು. ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರಾಗಿ ಕೂತವನಿಗೆ ಈ ಖುಷಿ ಹೊತ್ತು ಬರುವ ಮನೆಯವರು ಹೊಸಬರಲ್ಲ. "ಅಜ್ಜಿಗೆ ಹರೆಯದ ಕಣ್ಣು ವಾಪಸ್ ಬಂದಿದೆ" ಅಂತ ಮೊಮ್ಮಗ ಹೇಳುತ್ತಿರುತ್ತಾನೆ. ಅಜ್ಜಿಗೆ ಗೋಡೆಯ ಮೇಲಿನ ಚಾರ್ಟಿನಲ್ಲಿ ಮೇಲಿನ ಒಂದೆರಡು ಸಾಲು ಬಿಟ್ಟು ಬೇರೇನೂ ಕಾಣುತ್ತಿರುವುದಿಲ್ಲ.

ಹೀಗೆ ಯಾಕಾಗುತ್ತದೆ ಅಂತ ಹೇಳುತ್ತೇನೆ. ಕಣ್ಣಿನ ಪಾಪೆಯ ಹಿಂದೆ ಒಂದು ಲೆನ್ಸ್ ಇರುತ್ತದೆ. ಚಿಕ್ಕಂದಿನಲ್ಲಿ ಅದು ಎಳನೀರಿನ ಗಂಜಿಯ ಹಾಗೆ ಮೆತ್ತಗೆ ಇರುತ್ತದೆ. ವಯಸ್ಸಾದಂತೆ ಬಲಿಯುತ್ತಾ ಬಂದು ಕೊನೆಗೆ ಕೊಬ್ಬರಿಯಷ್ಟು ಗಟ್ಟಿಯಾಗುತ್ತದೆ. ಮೆತ್ತಗಿದ್ದಾಗ ಕಣ್ಣಿನೊಳಗಿನ ಸ್ನಾಯು ಅದರ ಆಕಾರವನ್ನು ಬೇಕಾದ ಹಾಗೆ ಬದಲಾಯಿಸಿ ಹತ್ತಿರದ್ದನ್ನು ತೋರಿಸುತ್ತದೆ. ಹತ್ತು ವರ್ಷದ ಮಗು ಪುಸ್ತಕವನ್ನು ಏಳೆಂಟು ಸೆಂಟಿಮೀಟರ್ ಹತ್ತಿರ ಹಿಡಿದರೂ ಓದುತ್ತದೆ. 40 ದಾಟಿದ ಮೇಲೆ ಮೊಬೈಲನ್ನು ದೂರ ದೂರ ಹಿಡಿಯಬೇಕಾಗುತ್ತದೆ. ಇದು ಚಾಳೀಸು, ಎಲ್ಲರಿಗೂ ಬರುವಂಥದ್ದು. 60 ದಾಟುವ ಹೊತ್ತಿಗೆ ಲೆನ್ಸು ಆಕಾರ ಬದಲಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿರುತ್ತದೆ. ಆಗ ಓದೋಕೆ ಪ್ಲಸ್ ಎರಡೂವರೆಯ ಆಸುಪಾಸಿನ ಕನ್ನಡಕ ಬೇಕಾಗುತ್ತದೆ.

ಲೆನ್ಸಿನ ಬದಲಾವಣೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರ ನಡುಭಾಗ ಇನ್ನೂ ಒತ್ತಾಗಿ, ಹಳದಿಯಾಗುತ್ತದೆ. ಕೆಲವರಲ್ಲಿ ಕಂದು ಬಣ್ಣಕ್ಕೂ ತಿರುಗುತ್ತದೆ. ಒತ್ತಾದಷ್ಟೂ ಅದು ಬೆಳಕನ್ನು ಜಾಸ್ತಿ ಬಗ್ಗಿಸುತ್ತದೆ. ಹಾಗಾಗಿ ಕಣ್ಣಿಗೆ ತಾನಾಗಿಯೇ ಮೈನಸ್ ನಂಬರ್ ಬರುತ್ತದೆ. ಅದು ಮೈನಸ್ ಎರಡೂವರೆ ಮುಟ್ಟಿದಾಗ 40 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪಂಚಾಂಗ ಕನ್ನಡಕ ಇಲ್ಲದೆ ಸ್ಪಷ್ಟವಾಗಿ ಕಾಣುತ್ತದೆ. ಅದರಾಚೆಗಿನದ್ದೆಲ್ಲ ಮಂಜು. ಅಕ್ಕಿಯ ಕಲ್ಲು ಕಾಣುತ್ತದೆ, ಬಸ್ಸಿನ ಬೋರ್ಡು ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿ ಇರುವುದೂ ಇದೇ ಅಲ್ವಾ? ರಾತ್ರಿ ಗಾಡಿಯ ಬೆಳಕಿಗೆ ಅವರು ನಿಂತುಬಿಡುವುದಕ್ಕೂ ಇದೇ ಕಾರಣ. ಮಸುಕಾದ ಲೆನ್ಸಿನ ಮೇಲೆ ಬಿದ್ದ ಹೆಡ್‌ಲೈಟ್ ಚೆದುರಿ, ಕಣ್ಣಿನ ತುಂಬಾ ಬೆಳಕೇ ತುಂಬಿಕೊಳ್ಳುತ್ತದೆ. ಈ ಹತ್ತಿರದ ಸೌಲಭ್ಯ ಬಹಳ ದಿನ ಉಳಿಯುವುದಿಲ್ಲ. ಪೊರೆ ಮುಂದುವರಿದಂತೆ ಪಂಚಾಂಗವೂ ಮಸುಕಾಗುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಲೆನ್ಸು ನೀರು ಹೀರಿಕೊಂಡು ಅದರ ಪವರ್ ಬದಲಾಗುತ್ತದೆ. ಇದ್ದಕ್ಕಿದ್ದ ಹಾಗೆ ಕನ್ನಡಕ ಬೇಡ ಅನ್ನಿಸಿದ ಕೆಲವರ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 350 ದಾಟಿರುತ್ತದೆ. ಆರೇಳು ತಿಂಗಳಿಂದ ಒಂದೇ ಥರ ಇದೆ ಅನ್ನುವುದರಿಂದ ಇದು ಪೊರೆಯೇ ಇರಬೇಕು. ಆದರೂ ಕಳೆದ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಸಕ್ಕರೆ ಏರುಪೇರು ಇರುವಾಗ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಹತೋಟಿಗೆ ಬಂದು ತಿಂಗಳು ಒಂದೂವರೆ ತಿಂಗಳು ಕಳೆದ ಮೇಲೆ ನಂಬರ್ ನೋಡಿಸಬೇಕು.

ಹಾಗಾದರೆ ಆ ಡ್ರಾಪ್ಸ್? ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪೊರೆಯನ್ನು ಕರಗಿಸುತ್ತದೆ ಅಂತ ಸಾಬೀತಾದ ಹನಿಯಾಗಲಿ ಮಾತ್ರೆಯಾಗಲಿ ಇವತ್ತಿಗೂ ಇಲ್ಲ. ಇವತ್ತೇ ನಿಲ್ಲಿಸಿ, ಬಾಟಲಿ ಬಿಸಾಡದೆ ಡಾಕ್ಟರಿಗೆ ತೋರಿಸಿ. ಜೇನುತುಪ್ಪ, ಈರುಳ್ಳಿ ರಸ, ಹರಳೆಣ್ಣೆ ಹೀಗೆ ಕಣ್ಣಿಗೆ ಏನೇನೋ ಬಿಡುವುದು ನಮ್ಮ ಕಡೆ ಇನ್ನೂ ಇದೆ. ಶುದ್ಧವಲ್ಲದ ಹನಿಯಿಂದ ಕರಿಗುಡ್ಡೆಯ ಮೇಲೆ ಹುಣ್ಣಾಗಬಹುದು. ವಾಸಿಯಾದರೂ ಅಲ್ಲಿ ಬಿಳಿ ಕಲೆ ಉಳಿದುಬಿಡುತ್ತದೆ, ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುವುದಿಲ್ಲ. ಇದಕ್ಕಿಂತ ನನಗೆ ಭಯ ಸ್ಟೀರಾಯ್ಡ್ ಇರುವ ಹನಿಗಳದ್ದು. ಕಣ್ಣು ಕೆಂಪಾಗಿದೆ, ತುರಿಕೆ ಇದೆ ಅಂದರೆ ಚೀಟಿ ಕೇಳದೆ ಕೊಡುವ ಮೆಡಿಕಲ್ ಶಾಪುಗಳಿವೆ. ಹಾಕಿದ ಕೂಡಲೇ ಹಾಯ್ ಅನ್ನಿಸುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ತಿಂಗಳುಗಟ್ಟಲೆ ಹಾಕಿದರೆ ಅದರಿಂದಲೇ ಪೊರೆ ಬರುತ್ತದೆ, ಕಣ್ಣಿನ ಒತ್ತಡವೂ ಏರಬಹುದು. ಸ್ವಂತ ಅಣ್ಣತಮ್ಮನ ಕಣ್ಣು ಒತ್ತಡದಿಂದ ಹೋಗಿರುವಾಗ ನಿಮ್ಮ ತಾಯಿಯವರು ಇಂಥ ಹನಿಯ ಹತ್ತಿರಕ್ಕೂ ಹೋಗಬಾರದು.

ಈಗ ಸೋದರಮಾವನ ವಿಷಯ. ಒತ್ತಡ ಅಂತ ಹೇಳಿದ್ದರೆ ಅದು ಬಹುತೇಕ ಗ್ಲಾಕೋಮಾ. ಕಣ್ಣಿನೊಳಗೆ ಒಂದು ತಿಳಿ ದ್ರವ ಹುಟ್ಟಿ ಹೊರಗೆ ಹೋಗುತ್ತಿರುತ್ತದೆ. ಹೋಗುವ ದಾರಿ ಕಟ್ಟಿದರೆ ಒಳಗಿನ ಒತ್ತಡ ಏರಿ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸಾಯುತ್ತಾ ಬರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಅದರೊಳಗೇ ಇದ್ದರೂ ನರ ಹಾಳಾಗುವವರಿದ್ದಾರೆ. ಹಾಗಾಗಿ ಒತ್ತಡ ಅಳೆದು ಕಳಿಸಿದರೆ ಸಾಲದು, ನರವನ್ನೂ ನೋಡಬೇಕು. ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಪಕ್ಕದ ನೋಟ ಹೋಗುತ್ತದೆ, ಎದುರಿನದ್ದು ಕೊನೆಯವರೆಗೆ ಚೆನ್ನಾಗಿರುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಿಂದ ಬಂದ ಸೈಕಲ್ ಕಾಣದಿರುವುದು, ಮೆಟ್ಟಿಲು ತಪ್ಪುವುದು. ಇದನ್ನೆಲ್ಲ ಮನೆಯಲ್ಲಿ "ವಯಸ್ಸಾಯ್ತು, ಪೊರೆ ಇದೆ" ಅಂತ ಪೊರೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಷ್ಟೇ. ಪೊರೆಯಿಂದ ಹೋದ ನೋಟ ಆಪರೇಷನ್ ಮಾಡಿದ ಮೇಲೆ ವಾಪಸ್ ಬರುತ್ತದೆ. ಗ್ಲಾಕೋಮಾದಿಂದ ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಹನಿಯಿಂದಲೋ, ಲೇಸರ್‌ನಿಂದಲೋ, ಆಪರೇಷನ್‌ನಿಂದಲೋ ಕಾಪಾಡಿಕೊಳ್ಳಬಹುದು, ಅಷ್ಟೇ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಉಳಿದವರಿಗೂ ಬರುವ ಸಂಭವ ಬೇರೆಯವರಿಗಿಂತ ತುಂಬಾ ಜಾಸ್ತಿ. ಪೊರೆ ಒಂದೆರಡು ತಿಂಗಳು ಕಾಯುತ್ತದೆ. ಒತ್ತಡ ಮತ್ತು ನರದ ತಪಾಸಣೆ ಈ ವಾರವೇ ಆಗಲಿ. ಮಾವನವರ ಮಕ್ಕಳಿಗೂ ಹೇಳಿ.

ಸಕ್ಕರೆಯ ಕಥೆಯೂ ಹೀಗೇ. ಒಂಬತ್ತು ವರ್ಷ ಅಂದರೆ ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳಿಗೆ ಏಟು ಬಿದ್ದಿರಲು ಸಾಕಷ್ಟು ಸಮಯ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಪಾಪೆ ಅಗಲ ಮಾಡಿಸಿ ಪರದೆ ನೋಡಿಸಿಕೊಳ್ಳಿ ಅನ್ನುವುದು ಅದಕ್ಕೇ. ನೀವು ಹೋದ ಎರಡೂ ಕಡೆ ಹನಿ ಹಾಕಿ, ಅರ್ಧ ಗಂಟೆ ಕೂರಿಸಿ ನೋಡಿದರಾ? ಪತ್ರದಲ್ಲಿ ಆ ಮಾತಿಲ್ಲ. ನೋಡದೆ "ತಕ್ಷಣ ಆಪರೇಷನ್" ಅಂದಿದ್ದರೆ ಅದು ಆತುರ. ನೋಡದೆ "ಆಮೇಲೆ ಬನ್ನಿ" ಅಂದಿದ್ದರೆ ಅದು ಉದಾಸೀನ. ಪರದೆಯ ನಡುಭಾಗ ಊದಿಕೊಂಡಿದ್ದರೆ ಮೊದಲು ಅಥವಾ ಜೊತೆಯಲ್ಲೇ ಅದಕ್ಕೆ ಇಂಜೆಕ್ಷನ್ ಬೇಕಾಗಬಹುದು. ಅದನ್ನು ಬಿಟ್ಟು ಪೊರೆ ತೆಗೆದರೆ ಊತ ಜಾಸ್ತಿಯಾಗಿ ನೋಟ ಬರದೇ ಹೋಗುವುದುಂಟು. ಆಮೇಲೆ ಊರಲ್ಲಿ "ಆಪರೇಷನ್ ಮಾಡಿಸಿ ಕಣ್ಣು ಕಳಕೊಂಡರು" ಅನ್ನುವ ಮಾತು ಹುಟ್ಟುತ್ತದೆ, ಇನ್ನು ನಾಲ್ಕು ಜನ ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ಪೊರೆ ತುಂಬಾ ದಟ್ಟವಾಗಿ ಹಿಂದಿನದ್ದೇನೂ ಕಾಣದಿದ್ದರೆ ಕಣ್ಣಿನ ಸ್ಕ್ಯಾನಿಂಗ್ ಮಾಡುತ್ತಾರೆ.

"ಬಲಿಯಲಿ" ಅನ್ನುವ ಮಾತಿನ ಹಿಂದೆ ಒಂದು ಕಾಲದ ಸತ್ಯ ಇದೆ. ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಕರ್ನಾಟಕದ ಹಿರಿಯರು ಇನ್ನೂ ನೆನೆಯುತ್ತಾರೆ. ಆಗ ದೊಡ್ಡ ಗಾಯ ಮಾಡಿ ಲೆನ್ಸನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಬಲಿತ ಪೊರೆಯನ್ನು ತೆಗೆಯುವುದು ಸುಲಭವಾಗಿತ್ತು. ಒಳಗೆ ಬೇರೆ ಲೆನ್ಸ್ ಇಡುತ್ತಿರಲಿಲ್ಲ, ಸೋಡಾ ಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅಂಥ ನೋಟಕ್ಕಿಂತ ಅರ್ಧಂಬರ್ಧ ಕಾಣುವ ಸ್ವಂತ ಕಣ್ಣೇ ಮೇಲು, ಹಾಗಾಗಿ ಕಾಯುವುದು ಸರಿಯಾಗೇ ಇತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ ಮೊದಲ ಬಾರಿ ಕಣ್ಣಿನೊಳಗೆ ಕೃತಕ ಲೆನ್ಸ್ ಇಟ್ಟದ್ದು 1949ರಲ್ಲಿ. ನಮ್ಮ ಸಾಮಾನ್ಯ ಜನರಿಗೆ ಅದು ವ್ಯಾಪಕವಾಗಿ ಸಿಗತೊಡಗಿದ್ದು 1990ರ ದಶಕದಲ್ಲಿ. ಆಪರೇಷನ್ ಬದಲಾಗಿದೆ, ಬಾಯಿಮಾತು ಹಾಗೇ ಉಳಿದಿದೆ.

ಈಗ ಅಳತೆಗೋಲು ಬೇರೆ. ಪೊರೆಯಿಂದ ಅವರ ದಿನದ ಬದುಕಿಗೆ ಅಡ್ಡಿಯಾಗುತ್ತಿದೆಯಾ? ಆಗುತ್ತಿದ್ದರೆ ಮಾಡಿಸಬಹುದು. ನಿಮ್ಮ ತಾಯಿಯವರು ಬಿದ್ದಿದ್ದಾರೆ. 68ರಲ್ಲಿ ಸೊಂಟದ ಮೂಳೆ ಮುರಿದರೆ ಅದರ ಮುಂದೆ ಪೊರೆ ಏನೇನೂ ಅಲ್ಲ. ನನ್ನ ಮಟ್ಟಿಗೆ ಅದೊಂದೇ ಕಾರಣ ಸಾಕು. ತೀರಾ ಕಾದರೆ ಲೆನ್ಸು ಕಲ್ಲಿನಂತಾಗಿ ಆಪರೇಷನ್ ಕಷ್ಟವಾಗುತ್ತದೆ. ಕೆಲವರಲ್ಲಿ ಪೊರೆ ಊದಿಕೊಂಡೋ ಸೋರಿಯೋ ಒತ್ತಡ ಏರಿ, ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗುತ್ತದೆ. ಹಾಗಾದಾಗ ಹೊಟ್ಟೆ ನೋವಿನ ಡಾಕ್ಟರ ಹತ್ತಿರ ಹೋಗಿ ಎರಡು ದಿನ ಕಳೆದು ನಮ್ಮಲ್ಲಿಗೆ ಬರುವವರಿದ್ದಾರೆ. ಅಷ್ಟರಲ್ಲಿ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ಚಳಿಗಾಲದಲ್ಲೇ ಮಾಡಿಸಬೇಕು ಅನ್ನುವುದೂ ಹಳೆಯ ನಂಬಿಕೆ. ಯಾವ ಕಾಲದಲ್ಲಾದರೂ ಆಗುತ್ತದೆ.

ಲೇಸರ್ ಅಂತ ಹೇಳಿದ್ದಾರಲ್ಲ, ಅದು ಬಹುಪಾಲು ಕಡೆ ಲೇಸರ್ ಅಲ್ಲವೇ ಅಲ್ಲ. ಫೇಕೋ ಅನ್ನುವ ವಿಧಾನದಲ್ಲಿ ಎರಡೂವರೆ ಮಿಲಿಮೀಟರ್‌ನಷ್ಟು ಸಣ್ಣ ದಾರಿ ಮಾಡಿ, ಶಬ್ದದ ಅಲೆಯಿಂದ ಪೊರೆಯನ್ನು ಪುಡಿ ಮಾಡಿ ಹೀರುತ್ತಾರೆ. ಮಡಚುವ ಲೆನ್ಸನ್ನು ಅದೇ ದಾರಿಯಲ್ಲಿ ಒಳಗಿಡುತ್ತಾರೆ. ಇನ್ನೊಂದು ವಿಧಾನದಲ್ಲಿ ಆರೇಳು ಮಿಲಿಮೀಟರ್ ದಾರಿ ಮಾಡಿ ಕೈಯಿಂದಲೇ ಪೊರೆ ತೆಗೆಯುತ್ತಾರೆ, ಇದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ, ಶಿಬಿರದ ಮೂಲಕ ಹೆಚ್ಚಾಗಿ ಮಾಡುವುದು ಇದನ್ನೇ. ಬಡವರ ಆಪರೇಷನ್ ಅಂತ ಅಸಡ್ಡೆ ಬೇಡ. ಕೈ ಪಳಗಿದ ಸರ್ಜನ್ ಮಾಡಿದರೆ ತಿಂಗಳೊಪ್ಪತ್ತಿನಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಕಲ್ಲಾದ ಪೊರೆಗಂತೂ ಇದೇ ಒಳ್ಳೆಯದು ಅನ್ನುವವರ ಪೈಕಿ ನಾನೂ ಒಬ್ಬ. ಫೇಕೋದ ಲಾಭ ಏನೆಂದರೆ ಬೇಗ ವಾಸಿಯಾಗುತ್ತದೆ, ಕರಿಗುಡ್ಡೆಯ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಾಗ ಬರುವ ಸಿಲಿಂಡರ್ ನಂಬರ್ ಕಡಿಮೆ ಇರುತ್ತದೆ.

ಇನ್ನು 55 ಸಾವಿರದ ಲೆನ್ಸ್. ಅದು ಹತ್ತಿರ ದೂರ ಎರಡೂ ತೋರಿಸುವ ಮಲ್ಟಿಫೋಕಲ್ ಇರಬೇಕು. ಒಳಗೆ ಬಂದ ಬೆಳಕನ್ನು ಅದು ಪಾಲು ಮಾಡುತ್ತದೆ. ಕಣ್ಣಿನ ಉಳಿದ ಭಾಗವೆಲ್ಲ ಗಟ್ಟಿಮುಟ್ಟಾಗಿರುವವರಿಗೆ ಅದರಿಂದ ಅನುಕೂಲ ಇದೆ. ಆದರೂ ರಾತ್ರಿ ದೀಪದ ಸುತ್ತ ಬಳೆ ಬಳೆಯಾಗಿ ಕಾಣುವುದು, ಮಂದ ಬೆಳಕಿನಲ್ಲಿ ಸ್ಪಷ್ಟತೆ ಕಡಿಮೆಯಾಗುವುದು ಇದ್ದದ್ದೇ. ಪರದೆಗೆ ಸಕ್ಕರೆಯ ಏಟು ಅಥವಾ ನರಕ್ಕೆ ಒತ್ತಡದ ಏಟು ಬಿದ್ದಿದ್ದರೆ ಆ ಲೆನ್ಸ್ ಹಾಕಿಸಬಾರದು. ಮೊದಲೇ ಕಡಿಮೆ ಇರುವ ನೋಟವನ್ನು ಇನ್ನೂ ಪಾಲು ಮಾಡಿದಂತಾಗುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿ ಈ ಎರಡೂ ಅನುಮಾನ ಬಗೆಹರಿಯುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ. ಸಾದಾ ಲೆನ್ಸ್ ಹಾಕಿಸಿದರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಪಂಚಾಂಗಕ್ಕೆ ಕನ್ನಡಕ ಬೇಕಾಗುತ್ತದೆ. ಇದನ್ನು ಅವರಿಗೆ ಮುಂಚೆಯೇ ಹೇಳಿ. ಈಗ ಕನ್ನಡಕ ಬಿಟ್ಟು ಓದುತ್ತಿರುವವರು ಆಪರೇಷನ್ ಆದ ಮೇಲೆ "ಹತ್ತಿರದ್ದೇ ಹೋಯ್ತಲ್ಲ" ಅಂತ ಕಣ್ಣೀರು ಹಾಕುತ್ತಾರೆ. ದಿನವೆಲ್ಲ ಹತ್ತಿರದ ಕೆಲಸವೇ ಜಾಸ್ತಿ, ದೂರಕ್ಕೆ ಕನ್ನಡಕ ಹಾಕಿಕೊಳ್ಳುತ್ತೇನೆ ಅನ್ನುವವರಿಗೆ ಸಾದಾ ಲೆನ್ಸನ್ನೇ ಹತ್ತಿರಕ್ಕೆ ಹೊಂದಿಸಿ ಹಾಕಲೂ ಆಗುತ್ತದೆ. ಕೇಳಿ ನೋಡಿ, ಈ ಮಾತನ್ನು ಹೆಚ್ಚಿನವರು ಕೇಳುವುದೇ ಇಲ್ಲ.

ಶಿಬಿರಕ್ಕೆ ಹೋಗಬಹುದು. ತಪಾಸಣೆ ಊರಲ್ಲಿ, ಆಪರೇಷನ್ ಮಾತ್ರ ಆಸ್ಪತ್ರೆಯ ಥಿಯೇಟರಿನಲ್ಲಿ. ಹಾಗಿದ್ದರೆ ಒಪ್ಪಿ. ಶಾಲೆ, ಛತ್ರದಲ್ಲಿ ಆಪರೇಷನ್ ಅಂದರೆ ಬೇಡ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪೊರೆ ಆಪರೇಷನ್ ಉಚಿತ. ಈ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆದುಬಂದಿದೆ. ನಿಮ್ಮಂಥವರಿಗೆ ನಾನು ಹೇಳುವುದು, ಮೊದಲ ತಪಾಸಣೆಯನ್ನು ಶಿಬಿರದಲ್ಲಿ ಮುಗಿಸಬೇಡಿ. ನೂರಾರು ಜನರ ಸಾಲಿನಲ್ಲಿ ಗ್ಲಾಕೋಮಾ ತಪ್ಪಿಸಿಕೊಳ್ಳುವುದು ಸುಲಭ. ಆಸ್ಪತ್ರೆಯಲ್ಲಿ ಪೂರ್ತಿ ನೋಡಿಸಿ, ಆಪರೇಷನ್ ಬೇಕಾದರೆ ಎಲ್ಲಿ ಅನುಕೂಲವೋ ಅಲ್ಲಿ ಮಾಡಿಸಿ.

ಅಪಾಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಳಗೆ ಸೋಂಕಾಗುವುದು ಸಾವಿರದಲ್ಲಿ ಒಬ್ಬರಿಗೆ, ಒಳ್ಳೆಯ ಕಡೆ ಅದಕ್ಕಿಂತ ಕಡಿಮೆ. ಆದರೆ ಆದವರಿಗೆ ಕಣ್ಣೇ ಹೋಗಬಹುದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಆ ಸಂಭವ ಏರುತ್ತದೆ, ಅದಕ್ಕೇ ಮೊದಲು ಸಕ್ಕರೆ ಇಳಿಸಿ ಅನ್ನುವುದು. ಆಪರೇಷನ್ ಆದ ಮರುದಿನ ಚೆನ್ನಾಗಿದ್ದ ಕಣ್ಣು ಮೂರನೇ ನಾಲ್ಕನೇ ದಿನ ನೋಯತೊಡಗಿ, ಕೆಂಪಾಗಿ, ಮಸುಕಾದರೆ ಬೆಳಗಾಗಲಿ ಅಂತ ಕಾಯಬಾರದು. ಹನಿಗಳನ್ನು ನಾಲ್ಕರಿಂದ ಆರು ವಾರ ಬಿಡದೆ ಹಾಕಬೇಕು. ಡಾಕ್ಟರು ಹೇಳುವವರೆಗೆ ತಲೆಗೆ ನೀರು ಬೇಡ, ಒಲೆ ಹೊಗೆ ಬೇಡ, ಮೆಕ್ಕೆಜೋಳದ ಕಣದ ಧೂಳು ಬೇಡ. ವರ್ಷ ಎರಡು ವರ್ಷದ ಮೇಲೆ ಮತ್ತೆ ಮಸುಕಾದರೆ "ಪೊರೆ ತಿರುಗಿ ಬಂತು" ಅನ್ನುತ್ತಾರೆ. ಪೊರೆ ತಿರುಗಿ ಬರುವುದಿಲ್ಲ. ಲೆನ್ಸ್ ಇಟ್ಟ ಚೀಲದ ಹಿಂಭಾಗ ಮಸುಕಾಗಿರುತ್ತದೆ. ಅದನ್ನು ಕೆಲವೇ ನಿಮಿಷದಲ್ಲಿ ಲೇಸರ್‌ನಿಂದ ತೆರೆಯುತ್ತಾರೆ, ಅಲ್ಲಿ ನಿಜವಾಗಿಯೂ ಲೇಸರ್. ಈ ಉತ್ತರ ಓದುತ್ತಿರುವ ಹಿರಿಯ ಗಂಡಸರಿಗೆ ಒಂದು ಮಾತು: ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ತೆಗೆದುಕೊಂಡಿದ್ದರೂ, ಪೊರೆ ಆಪರೇಷನ್‌ಗೆ ಮುಂಚೆ ಹೇಳಿ. ಆಪರೇಷನ್ ವೇಳೆ ಪಾಪೆ ಕುಗ್ಗಿ ಸರ್ಜನ್ನಿಗೆ ತೊಡಕಾಗುತ್ತದೆ. ಗೊತ್ತಿದ್ದರೆ ತಯಾರಾಗಿರುತ್ತಾರೆ.

ಆಪರೇಷನ್ ಆಗುವವರೆಗೆ ಮನೆಯಲ್ಲಿ ಮಾಡುವಂಥದ್ದೂ ಇದೆ. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಲೆನ್ಸು ಹಳದಿಯಾಗುತ್ತದೆ. 20ರ ಹುಡುಗನ ಕಣ್ಣಿಗೆ ಬೀಳುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರವರ ಪರದೆಗೆ ಮುಟ್ಟುತ್ತದೆ. ನಮ್ಮ ಹಳ್ಳಿ ಮನೆಗಳಲ್ಲಿ ಹಜಾರದ ಮೂಲೆಯಲ್ಲಿ ಒಂದು ಮಂದ ಬಲ್ಬು ಇರುತ್ತದೆ. ಕಟ್ಟೆಯ ಮೇಲೊಂದು, ಬಚ್ಚಲಿನ ದಾರಿಯಲ್ಲೊಂದು ಒಳ್ಳೆಯ ಎಲ್‌ಇಡಿ ಹಾಕಿಸಿ. ಮೆಟ್ಟಿಲಿನ ಅಂಚಿಗೆ ಹಳದಿ ಪೇಂಟಿನ ಪಟ್ಟೆ ಎಳೆಯಿರಿ. ಅವರು ಡಬಲ್ ಕನ್ನಡಕ, ಅಂದರೆ ಕೆಳಗೆ ಓದುವ ಭಾಗ ಇರುವಂಥದ್ದು ಹಾಕುತ್ತಿದ್ದರೆ, ಮೆಟ್ಟಿಲು ಇಳಿಯುವಾಗ ಆ ಕೆಳಭಾಗದಿಂದ ನೋಡಿ ಅಳತೆ ತಪ್ಪುತ್ತಾರೆ. ನಡೆದಾಡಲು ದೂರದ್ದೊಂದು, ಓದಲು ಇನ್ನೊಂದು ಇದ್ದರೆ ವಾಸಿ. ಕ್ಯಾರೆಟ್, ನುಗ್ಗೆ ಸೊಪ್ಪು ತಿನ್ನಲಿ, ಒಳ್ಳೆಯದೇ. ಪೊರೆ ಅದರಿಂದ ಇಳಿಯುವುದಿಲ್ಲ.

ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡೋಕೆ ಹೇಳಿ. ಎರಡೂ ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಬಾಗಿಲ ಚೌಕಟ್ಟು, ನೆಲದ ಟೈಲ್ಸ್ ಗೆರೆ ಸೊಟ್ಟಗೆ ಕಂಡರೆ ಪರದೆಯ ನಡುಭಾಗದ ತೊಂದರೆ ಇರಬಹುದು. ಅದು ಪೊರೆಯ ಲಕ್ಷಣ ಅಲ್ಲ, ಒಂದೆರಡು ದಿನದಲ್ಲಿ ತೋರಿಸಿ. ಕಣ್ಣೆದುರು ನೊಣ ಹಾರಿದಂತಾಗುವುದು ವಯಸ್ಸಾದವರಲ್ಲಿ ಸಾಮಾನ್ಯ. ಅದು ಇದ್ದಕ್ಕಿದ್ದಂತೆ ರಾಶಿ ರಾಶಿಯಾದರೆ, ಮಿಂಚು ಹೊಡೆದಂತಾದರೆ, ಒಂದು ಕಡೆಯಿಂದ ಕಣ್ಣಿಗೆ ತೆರೆ ಇಳಿಬಿಟ್ಟಂತಾದರೆ ಅದೇ ದಿನ ಆಸ್ಪತ್ರೆಗೆ ಬನ್ನಿ.

ಈಗ ನಿಮ್ಮ ಕಣ್ಣು. ನಿಮಗೆ ಬಂದಿರುವುದು ಚಾಳೀಸು. ಕನ್ನಡಕ ಹಾಕಿದರೂ ನಂಬರ್ ಏರುತ್ತದೆ, ಹಾಕದಿದ್ದರೂ ಏರುತ್ತದೆ. ಲೆನ್ಸು ಗಟ್ಟಿಯಾಗುವುದಕ್ಕೆ ಕನ್ನಡಕದ ಹಂಗಿಲ್ಲ. ಓದುವ ನಂಬರ್ ಏರುವುದು 60ರ ಹೊತ್ತಿಗೆ ತಾನೇ ನಿಲ್ಲುತ್ತದೆ. ಹಾಕಿದ ಮೇಲೆ "ಬಿಟ್ಟರೆ ಮೊದಲಿಗಿಂತ ಕಾಣಲ್ಲ" ಅನ್ನಿಸುವುದು ಸ್ಪಷ್ಟ ನೋಟ ರೂಢಿಯಾಗಿರುವುದರಿಂದ. ಅಸ್ಸಾಮಿನಲ್ಲಿ 40 ದಾಟಿದ ಚಹಾ ಎಲೆ ಕೀಳುವವರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗಿಂತ ಅವರು ಕೀಳುವ ಎಲೆ ಶೇ 20ಕ್ಕಿಂತ ಜಾಸ್ತಿ ಹೆಚ್ಚಿತ್ತು. ಎಲೆ ಕೀಳುವುದಕ್ಕೇ ಇಷ್ಟಾದರೆ ಕಾಜಾ ಮಾಡುವ ನಿಮಗೆ, ಮೊಳಕಾಲ್ಮುರಿನಲ್ಲಿ ರೇಷ್ಮೆ ನೇಯುವವರಿಗೆ ಎಷ್ಟಾಗಬೇಡ?

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕನ್ನಡಕದಿಂದ ಕಣ್ಣು ಹಾಳಾಗುವುದಿಲ್ಲ. ಎರಡೂ ಕಣ್ಣು ಸಮ ಇದ್ದು, ಸಿಲಿಂಡರ್ ನಂಬರ್ ಇಲ್ಲದಿದ್ದರೆ ಅದರಲ್ಲೇ ಕೆಲಸ ನಡೆಯುತ್ತದೆ. ತೊಂದರೆ ಏನೆಂದರೆ ಅದು ಸಿಕ್ಕ ಮೇಲೆ ಯಾರೂ ಒತ್ತಡ ನೋಡಿಸಲು ಬರುವುದಿಲ್ಲ. ನೀವು ಬರಲೇಬೇಕು, ಮನೆತನದಲ್ಲಿ ಆ ಕಾಯಿಲೆ ಇದೆ. ಬರುವಾಗ ಮಷಿನ್ನಿನ ಸೂಜಿಗೂ ನಿಮ್ಮ ಕಣ್ಣಿಗೂ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದುಕೊಂಡು ಬನ್ನಿ, ಟೇಪಂತೂ ಕೊರಳಲ್ಲೇ ಇರುತ್ತದೆ. ಪುಸ್ತಕ ಓದುವ ದೂರಕ್ಕೆ ಮಾಡಿದ ಕನ್ನಡಕ ಹಾಕಿಕೊಂಡು ಮಷಿನ್ ಮೇಲೆ ಬಗ್ಗಿ ಬಗ್ಗಿ ಕತ್ತು ನೋವು ತಂದುಕೊಳ್ಳುವ ಟೈಲರುಗಳಿದ್ದಾರೆ.

ಕನ್ನಡಕ ಬಿಡಿಸುವ ಹನಿಗಳ ಬಗ್ಗೆ 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಅತಿಯಾದ ಪ್ರಚಾರದ ಕಾರಣಕ್ಕೆ ಔಷಧ ನಿಯಂತ್ರಕರು ಆ ಹನಿಗೆ ಕೊಟ್ಟಿದ್ದ ಅನುಮತಿಯನ್ನು ಅಮಾನತಿನಲ್ಲಿಟ್ಟರು. ಅಂಥ ಹನಿ ಪಾಪೆಯನ್ನು ಕಿರಿದು ಮಾಡಿ ಕೆಲವು ಗಂಟೆ ಹತ್ತಿರದ್ದು ತೋರಿಸುತ್ತದೆ. ಸಂಜೆಗೆ ಕತ್ತಲು ಕತ್ತಲು ಅನ್ನಿಸುತ್ತದೆ, ಕೆಲವರಿಗೆ ತಲೆನೋವು. ದಿನವಿಡೀ ಹೊಲಿಯುವ ನಿಮಗೆ ಕನ್ನಡಕವೇ ಸರಿ.

ತಾಯಿಯವರನ್ನು ಕರೆತರುವಾಗ ಹಳೆಯ ಕನ್ನಡಕ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಶೀಟು, ಸಕ್ಕರೆ ಪರೀಕ್ಷೆಯ ಚೀಟಿಗಳು, ಆ ನಾಟಿ ಹನಿಯ ಬಾಟಲಿ ಜೊತೆಗಿರಲಿ. ಸಾಧ್ಯವಾದರೆ ಸೋದರಮಾವನವರ ಹಳೆಯ ಫೈಲೂ ತನ್ನಿ. ಪಾಪೆ ಅಗಲ ಮಾಡಿದ ಮೇಲೆ ನಾಲ್ಕೈದು ಗಂಟೆ ಬಿಸಿಲಿಗೆ ಕಣ್ಣು ಕೋರೈಸುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಅದೇ ದಿನ ನಿಮ್ಮ ಕಣ್ಣಿಗೂ ಹನಿ ಹಾಕಬೇಕಾಗಬಹುದು. ಬೈಕಿನಲ್ಲಿ ಬರಬೇಡಿ, ಬಸ್ಸಿಗೆ ಬನ್ನಿ. ಬೋರ್ಡು ಓದೋಕೆ ಮನೆಯಿಂದ ಇನ್ನೊಬ್ಬರು ಜೊತೆಗೆ ಬರಲಿ.